ಗಾಲಿಯ ಹಿಂದಿನ ಕಲ್ಲು

ಗೋವೆಯ ಮಡಗಾಂವಿನ ಮೋತಿ ಡೊಂಗರಿನಲ್ಲಿರುವ ನಮ್ಮ ಮನೆಯ ಬಾಗಿಲಿಗೆ ಒಂದು ಕೆಟ್ಟ ಚಾಳಿ: ಸಮುದ್ರದ ಕಡೆಯಿಂದ ಗಾಳಿ ಬಂತೋ, ಮುನಿಸಿಕೊಂಡ ಬೀಗರ ಹಾಗೆ ಧಡಾರನೆ ಮುಚ್ಚಿಕೊಳ್ಳುತ್ತದೆ. ಅದರ ಸೊಕ್ಕಡಗಿಸಲು ಕೆಲವು ದಿನ ಒಂದು ಕರಿಕಲ್ಲನ್ನು ಅಡ್ಡ ಇಟ್ಟಿದ್ದೆವು. ಆ ಕಲ್ಲಿನ ಸಂಗತಿಯನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಮನಸ್ಸಿನಲ್ಲೇ ಇಟ್ಟುಕೊಂಡರೆ ಹೆದರಿಕೆಯಾಗುತ್ತದೆ.

ಸಾಂಗೆ ಕಡೆಯ ಗುಡ್ಡವೊಂದರ ಮೇಲಿನ ಕೂಲಿಕಾರರ ಬಿಡಾರಕ್ಕೆ ನನ್ನ ಹಳೆಯ ಜೀಪಿನಲ್ಲಿ ಕುಡಿಯುವ ನೀರು ಮುಟ್ಟಿಸುವುದು ನನ್ನ ಕೆಲಸ. ದಾರಿ ಎಷ್ಟು ಗಿಡ್ಡವೆಂದರೆ ಬೀಡಿಯೊಂದು ಮುಗಿಯುವುದರೊಳಗೆ ತುದಿ ಮುಟ್ಟಬಹುದು. ಎಷ್ಟು ಕಡಿದಾದದ್ದೆಂದರೆ ಆ ಬೀಡಿ ಹಚ್ಚುವ ಧೈರ್ಯ ಯಾರಿಗೂ ಬರುವುದಿಲ್ಲ. ನಾಲ್ಕೂ ಗಾಲಿ ಎಳೆಯುವಂತೆ ಸಣ್ಣ ಗೇರು ಹಾಕಿ ಕೆಂಪು ಕೆಸರಿನಲ್ಲಿ ಏದುಸಿರು ಬಿಡುತ್ತ ಹತ್ತಬೇಕು. ಬೆನ್ನಿಗೆ ಕೆಲಸ ನಿಂತುಹೋದ ಅದಿರುಗಣಿಯ ಹೊಂಡ, ತಳ ಕಾಣದ ಹಸಿರು ನೀರು. ಅದಕ್ಕೇ ನನ್ನ ಹೆಂಡತಿ ಗಂಗವ್ವ ಕೈಯಲ್ಲೊಂದು ಕಲ್ಲು ಹಿಡಿದು ಹಿಂದೆಯೇ ನಡೆಯುತ್ತಾಳೆ. ಜೀಪು ಹಿಂದೆ ಸರಿದರೆ ಗಾಲಿಗೆ ಅಡ್ಡ ಕೊಡುತ್ತಾಳೆ. ಗಣಿಯ ಕಾಲದಲ್ಲಿ ಲಾರಿಗಳ ಹಿಂದೆ ಹೀಗೆ ಕಲ್ಲು ಹಿಡಿದು ನಡೆದವರಲ್ಲಿ ನಮ್ಮ ವಿಜಾಪುರದ ಕಡೆಯವರೇ ಬಹಳವಂತೆ. ಕೆಲವರು ಗಾಲಿಯಡಿ ಸಿಕ್ಕು ಊರಿಗೆ ಮರಳಲೇ ಇಲ್ಲವಂತೆ.

ಆ ಮಧ್ಯಾಹ್ನ ಗಂಗವ್ವನ ಕಾಲು ಉಳುಕಿತ್ತೆಂದು ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ನಮ್ಮ ಕಲ್ಲೂ ಅವಳ ಕಾಲ ಬಳಿಯೇ ಇತ್ತು. ಮಳೆ, ಮಂಜು. ಅರ್ಧ ಏರಿನಲ್ಲಿ ಎಂಜಿನ್ ನಿಂತಿತು. ಬ್ರೇಕು ಒತ್ತಿದರೂ ಜೀಪು ಕೆಸರಿನ ಮೇಲೆ ಹಿಂದಕ್ಕೆ ಜಾರತೊಡಗಿತು. ಗಂಗವ್ವ ನನ್ನ ತೋಳು ಹಿಡಿದಳು. ಇವಳನ್ನು ಹೊಂಡದ ಪಾಲು ಮಾಡಿದೆನಲ್ಲ ಎಂದುಕೊಂಡೆ. ಅಷ್ಟರಲ್ಲಿ ಟಕ್ಕನೆ ಜೀಪು ನಿಂತಿತು.

ಇಳಿದು ನೋಡಿದೆ. ಹಿಂದಿನ ಗಾಲಿಗೆ ಕರಿಕಲ್ಲೊಂದು, ಯಾರೋ ಕೈಯಾರೆ ಇಟ್ಟ ಹಾಗೆ, ನೆಟ್ಟಗೆ ಕೂತಿತ್ತು. ಗುಡ್ಡವೆಲ್ಲ ಕೆಂಪು ಕಲ್ಲು. ಇದು ನಮ್ಮೂರ ಹೊಲದ ಬದುವಿನ ಕಲ್ಲಿನಷ್ಟು ಕಪ್ಪು. ಸುರಿಯುವ ಮಳೆಯಲ್ಲೂ ಮುಟ್ಟಿದರೆ ಅಂಗೈಯಷ್ಟು ಬೆಚ್ಚಗಿತ್ತು. ಸುತ್ತ ಯಾರೂ ಇರಲಿಲ್ಲ. ಹೇಗೋ ಏರು ಮುಗಿಸಿ ಇಳಿದು ಬರುವಾಗ, ಬಿಟ್ಟು ಹೋಗಲು ಮನಸ್ಸಾಗದೆ ಗಂಗವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ತಂದಳು.

ವಾಹನ ನಡೆಸುವವನ ಕಣ್ಣು ಮುಂದಿನ ದಾರಿಯ ಮೇಲೆ. ಹಿಂದೆ ನಡೆಯುವವರ ಮುಖ ಕನ್ನಡಿಯಲ್ಲೂ ಸರಿಯಾಗಿ ಕಾಣುವುದಿಲ್ಲ. ಊರು ಬಿಟ್ಟು ಬಂದ ನಾವು ಜಾರದೆ ನಿಂತಾಗಲೆಲ್ಲ ಯಾರ್‍ಯಾರು ಅಡ್ಡ ಕೊಟ್ಟಿದ್ದರೋ! ಸತ್ತ ಮೇಲೂ ಕೆಲಸ ಬಿಡದವರಿಗೆ ರಜೆ ಕೊಡುವವರಾದರೂ ಯಾರು? ಕಲ್ಲು ಬಾಗಿಲಿಗೆ ಬಂದ ಕೆಲವು ದಿನಗಳ ಮೇಲೆ ಹೀಗೆಲ್ಲ ಯೋಚಿಸುತ್ತಿದ್ದಾಗ ಗಂಗವ್ವ ಅಂದಳು:

“ಆ ಕಲ್ಲ ತಿರುಗಿ ಅಲ್ಲೇ ಇಟ್ಟ ಬರೂಣ್ರಿ. ನಮ್ಮ ಹಿಂದ ಬ್ಯಾರೆ ಯಾರರೆ ಜಾರಿದ್ರ, ಆ ಪುಣ್ಯಾತ್ಮ ಏನ ಇಡಬೇಕು?”

“ಯಾವ ಪುಣ್ಯಾತ್ಮಲೇ?”

“ಅದನ್ನ ಕೇಳಬ್ಯಾಡ್ರಿ.”

ಆ ಏರಿಗೆ ಹೋಗಿ ದಾರಿಯ ಅಂಚಿಗೆ ಇಟ್ಟು ಬಂದೆವು.

ಈಗ ಬಾಗಿಲಿಗೆ ಕಲ್ಲಿಲ್ಲ. ನಿನ್ನೆ ಸಂಜೆ ತೆಂಗಿನ ಗರಿ ಮುರಿಯುವಂಥ ಗಾಳಿ ಬೀಸಿ ಓಣಿಯ ಬಾಗಿಲುಗಳೆಲ್ಲ ಬಡಿದುಕೊಂಡವು; ನಮ್ಮದು ಮಾತ್ರ ತೆರೆದದ್ದು ತೆರೆದ ಹಾಗೇ ನಿಂತಿತ್ತು. ಗಂಗವ್ವ ಹೊಸ್ತಿಲ ಕಡೆಗೊಮ್ಮೆ ನೋಡಿದಳು. ನಮ್ಮಿಬ್ಬರ ಕಪ್ಪಿನ ಜೊತೆಗೆ ಮೂರನೆಯ ಕಪ್ಪಿಗೂ ಚಹಾ ಸೋಸಿದಳು.