ಮತ್ತೆ ಅಂದರೆ ನಿಲ್ಲು

ಮೊನ್ನೆ ಉಪ್ಪಾರಹಳ್ಳಿಯ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಯಾರೋ ನೀಲಗಿರಿ ಎಣ್ಣೆಯ ಸೀಸೆ ತೆರೆದರು. ಹುಟ್ಟಿದಾಗಿನಿಂದ ಕಣ್ಣು ಕಾಣದ ನನಗೆ ಜನ ಗುರುತಾಗುವುದೇ ಕಿವಿ, ಮೂಗುಗಳಿಂದ. ಒಂದು ಕ್ಷಣ ನಮ್ಮ ರೆಫ್ರಿ ಸರ್ ಬಂದು ನಿಂತರು ಅನ್ನಿಸಿಬಿಟ್ಟಿತು. ಅವರು ತೀರಿಕೊಂಡ ಸುದ್ದಿ ಬಂದು ಆಗಲೇ ಎಷ್ಟೋ ವಾರಗಳಾಗಿವೆ...

ಕುಣಿಗಲ್ ಕಡೆಯವರು. ಯಾವುದೋ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ರಜೆ ದಿನಗಳಲ್ಲಿ ತುಮಕೂರಿಗೆ ಬಂದು ನಮ್ಮಂಥವರ ಜೂಡೋ ಪಂದ್ಯಗಳಿಗೆ ರೆಫ್ರಿಯಾಗಿ ನಿಲ್ಲುತ್ತಿದ್ದರು. ಮಂಡಿನೋವಿಗೆ ಸದಾ ನೀಲಗಿರಿ ಎಣ್ಣೆ ಹಚ್ಚಿರುತ್ತಿದ್ದರು. ಮಿಕ್ಕವರು ನಮ್ಮನ್ನು ಹರಕೆಯ ಕುರಿಯ ಹಾಗೆ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಮ್ಯಾಟಿನ ಮೇಲೆ ನಿಲ್ಲಿಸುತ್ತಿದ್ದರೆ, ಇವರು ತಮ್ಮ ಮೊಣಕೈ ಕೊಟ್ಟು, ಗೋಡೆ ಯಾವ ಕಡೆ, ಜನ ಯಾವ ಕಡೆ ಎಂದು ಹೇಳುತ್ತಾ ನಡೆಸುತ್ತಿದ್ದರು. ನಮ್ಮ ಜೂಡೋದಲ್ಲಿ ಇಬ್ಬರೂ ಒಬ್ಬರ ಅಂಗಿಯನ್ನು ಇನ್ನೊಬ್ಬರು ಹಿಡಿದ ಮೇಲೆಯೇ ಆಟ ಶುರು. ಆ ಹಿಡಿತ ಸರಿಯಾಗಿದೆಯೇ ಎಂದು ಇಬ್ಬರ ಬೆರಳನ್ನೂ ಮುಟ್ಟಿ ನೋಡುತ್ತಿದ್ದರು. ಆದರೆ ಪಾಯಿಂಟ್ ಕೊಡುವುದರಲ್ಲಿ ಮಹಾ ಜಿಪುಣ. ಕಣ್ಣಿಲ್ಲದವರು ಎಂದು ಅರ್ಧ ಪಾಯಿಂಟ್ ಜಾಸ್ತಿ ಕೊಟ್ಟ ಪುಣ್ಯಾತ್ಮರಲ್ಲ.

ಆಟ ನಿಲ್ಲಿಸಲು ರೆಫ್ರಿ ಕೂಗುವ ಜಪಾನಿನ ಮಾತು ‘ಮತ್ತೆ’. ಅಲ್ಲಿ ಅದಕ್ಕೆ ನಿಲ್ಲು ಎಂದರ್ಥವಂತೆ. ನಮ್ಮ ಕಿವಿಗೆ ಮಾತ್ರ ಅಪ್ಪಟ ಕನ್ನಡ. ಮೊದಲ ದಿನ ಅವರು ಹೇಳಿಕೊಟ್ಟಾಗ ನಮ್ಮ ಅಂಧರ ಹಾಸ್ಟೆಲಿನ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಅವರೂ ನಕ್ಕು, “ನಗ್ರವ್ವ, ನಗ್ರಿ. ಮ್ಯಾಟ್ ಮೇಲೆ ಬಂದಾಗ ಮಾತ್ರ ಕನ್ನಡ ಮರ್ತ್‌ಬುಡಿ” ಅಂದಿದ್ದರು. ಹುಟ್ಟಿನಿಂದ ಬಂದ ಭಾಷೆಯನ್ನು ಬೇಕೆಂದಾಗ ಮರೆಯಲಾಗುತ್ತದೆಯೇ...

ರಾಜ್ಯ ತಂಡದ ಆಯ್ಕೆಯ ದಿನ ಕೊನೆಯ ಪಂದ್ಯ ನನಗೂ ಗುಬ್ಬಿಯ ಹುಡುಗಿಗೂ ಬಿತ್ತು. ಹಾಸ್ಟೆಲಿನಲ್ಲಿ ಅವಳದು ನನ್ನ ಪಕ್ಕದ ಮಂಚ. ತಂಡಕ್ಕೆ ಆಯ್ಕೆಯಾಗದಿದ್ದರೆ ಓದು ಬಿಡಿಸಿ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವಳಪ್ಪ ಹೇಳಿಬಿಟ್ಟಿದ್ದ. ನಮಗೆ ರೆಫ್ರಿಯ ದನಿ ಕೇಳಿಸಬೇಕು, ಹಾಗಾಗಿ ಹಾಲ್‌ನಲ್ಲಿ ಯಾರೂ ಸದ್ದು ಮಾಡಬಾರದು. ಅವತ್ತು ಆಟದ ನಡುವೆಯೇ ಮುಖ್ಯ ಅತಿಥಿ ಬಂದಿಳಿದರು. ಮೇಜಿನ ಮುಂದೆ ಕುಳಿತಿದ್ದ ಆಯ್ಕೆ ಸಮಿತಿಯವರೆಲ್ಲ ಹಾರ ಹಿಡಿದು ಬಾಗಿಲಿಗೆ ಓಡಿದರು. ಚಪ್ಪಾಳೆ, ಶಿಳ್ಳೆ, ಕೂಗಾಟ. ಅಷ್ಟರಲ್ಲಿ ಅವಳು ನನ್ನನ್ನು ಕೆಡವಿ ಬಲಗೈಯನ್ನು ಲಾಕ್ ಮಾಡಿದ್ದಳು. ಲಾಕ್ ಸರಿಯಾಗಿ ಕೂತಿರಲಿಲ್ಲ, ಕೈ ತಿರುಚಿಕೊಳ್ಳುತ್ತಿತ್ತು. ಎಡಗೈ ನನ್ನ ಮೈಯಡಿಯಲ್ಲೇ ಸಿಕ್ಕಿಕೊಂಡಿದ್ದರಿಂದ ಸೋತೆ ಎಂದು ತಟ್ಟಲೂ ಆಗಲಿಲ್ಲ. ನೀಲಗಿರಿ ವಾಸನೆ ಹತ್ತಿರ ಬಂತು. ನನ್ನ ಕಿವಿಯ ಪಕ್ಕದಲ್ಲೇ ಸರ್ “ಮತ್ತೆ!” ಎಂದು ಕೂಗಿದರು.

ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಮತ್ತೆ ಎಳೆದಳು.

ಮೊಣಕೈಯೊಳಗೆ ಏನೋ ಕಿತ್ತು ಬಂದದ್ದು ಗೊತ್ತಾಯಿತು. ನಾನು ಕಿರುಚಿದ ಮೇಲೆ ಹಾಲ್ ತಣ್ಣಗಾಯಿತು. “ಮತ್ತೆ ಅಂದ್ರಲ್ಲ ಸರ್, ಅದ್ಕೇ ಎಳ್ದೆ” ಎಂದು ಅವಳು ಅಳತೊಡಗಿದಳು. ನಿಲ್ಲಿಸು ಎಂದ ಮೇಲೂ ಎಳೆದು ಕೈ ಮುರಿದರೆ ಆಟದಿಂದಲೇ ಹೊರಗೆ. ರಾಜ್ಯ ತಂಡವೂ ಇಲ್ಲ, ಓದೂ ಇಲ್ಲ. ಸರ್‌ಗೆ ಅದು ಗೊತ್ತಿತ್ತು. ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಸರ್ ಮೆಲ್ಲಗೆ ಹೇಳಿದರು. “ಅದು ನಾನಲ್ಲ ಕಣವ್ವ. ಮತ್ತೆ ಎಳಿ ಅಂತ ಹಿಂದ್ಗಡೆಯಿಂದ ಯಾರೋ ನಿಂಗೆ ಕೂಗಿದ್ರು. ನಾನ್ ಕೂಗಿದ್ದೇ ಲೇಟಾಯ್ತು.”

ನೋವಿನಲ್ಲಿ ಬಿದ್ದಿದ್ದರೂ ಅಷ್ಟೂ ನನಗೆ ಕೇಳಿಸಿತು.

ವಿಚಾರಣೆಗೆಂದು ಸಮಿತಿಯವರು ಆಸ್ಪತ್ರೆಗೆ ಬಂದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸರ್ ಸರಿಯಾದ ಹೊತ್ತಿಗೇ ಕೂಗಿದರು, ನನ್ನ ಕಿವಿಯಲ್ಲೇ ಕೂಗಿದರು ಎಂದೆ. ಒಬ್ಬರು ತಲೆ ಸವರಿ, ಪಾಪ, ಆ ನೋವಿನಲ್ಲಿ ನಿನಗೇನು ಗೊತ್ತಾಗಿರುತ್ತದೆ ಅಂದರು. ಕಣ್ಣಿದ್ದವರೆಲ್ಲ ಹಾರ ತುರಾಯಿ ನೋಡುತ್ತಿದ್ದರು. ಕಿವಿಯಿಂದ ಕೇಳಿದ್ದನ್ನು ಹೇಳಲು ಬಂದರೆ ಕುರುಡಿಗೇನು ಗೊತ್ತು ಎನ್ನುತ್ತಾರೆ. ಆ ಸಿಟ್ಟು ನನಗೆ ಈಗಲೂ ಇದೆ. ರೆಫ್ರಿಯೇ ತಪ್ಪೊಪ್ಪಿಕೊಂಡ ಮೇಲೆ ಇನ್ನೇನು ಮಾತು ಎಂದು ಅವರನ್ನು ತೆಗೆದುಹಾಕಿದರು. ಅವಳು ರಾಜ್ಯ ತಂಡಕ್ಕೆ ಹೋದಳು.

ಸರ್ ಒಂದು ಸಲ ವಾರ್ಡಿಗೆ ಬಂದಿದ್ದರು. ಯಾಕೆ ಸುಳ್ಳು ಹೇಳಿದಿರಿ ಎಂದು ದಬಾಯಿಸಿದೆ. “ನಿನ್ ಕೈಯಂತೂ ಹೋಯ್ತು. ಅವ್ಳಾದ್ರೂ ಆಡ್ಲಿ ಬುಡವ್ವ” ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿದ್ದು ನನ್ನ ಕೈ, ಧಾರಾಳ ಇವರದು! ಗೋಡೆಯ ಕಡೆಗೆ ತಿರುಗಿ ಮಲಗಿದೆ. ಅವರು ಮತ್ತೆ ಬರಲಿಲ್ಲ. ಆಮೇಲೆ ಎಲ್ಲಿಯೂ ಮ್ಯಾಟಿನ ಮೇಲೆ ನಿಲ್ಲಲೂ ಇಲ್ಲ. ಕುರುಡು ಹುಡುಗಿಯ ಕೈ ತೆಗೆದ ರೆಫ್ರಿ ಎಂದು ಅವರ ಊರಿನಲ್ಲೂ ಆಡಿಕೊಂಡರಂತೆ.

ಅವರು ಹೋದ ಸುದ್ದಿಯನ್ನು ಫೋನ್ ಮಾಡಿ ಹೇಳಿದವಳು ಗುಬ್ಬಿಯ ಹುಡುಗಿಯೇ. ಹುಡುಗಿ ಎನ್ನುವುದು ನನ್ನ ಅಭ್ಯಾಸ. ಈಗ ಅವಳು ಗುಬ್ಬಿಯಲ್ಲಿ ಕಣ್ಣಿಲ್ಲದ ಹೆಣ್ಣುಮಕ್ಕಳಿಗೆ ಜೂಡೋ ಹೇಳಿಕೊಡುವ ಮೇಡಂ. ಹಾರ್ಟ್ ಅಟ್ಯಾಕಂತೆ, ಮಣ್ಣೂ ಆಯಿತಂತೆ ಎಂದಳು. ಹೋಗಿದ್ದೆಯಾ ಎಂದು ಕೇಳಿದೆ.

“ಇಲ್ಲ ಕಣೇ, ಮನ್ಸ್ ಬರ್ಲಿಲ್ಲ. ಅವತ್ತು ಟೈಮಿಗೆ ಸರ್ಯಾಗಿ ಕೂಗಿದ್ರೆ ನಿನ್ ಕೈ ಉಳೀತಿತ್ತು. ನಮ್ ಹುಡ್ಗೀರ್ಗೂ ಇದ್ನೇ ಹೇಳ್ತೀನಿ, ರೆಫ್ರಿ ಅಂದ್ರೆ ಹಂಗಿರ್ಬಾರ್ದು ಅಂತ.”

ಅವಳ ಹಿಂದೆ ಹುಡುಗಿಯರು ಮ್ಯಾಟಿನ ಮೇಲೆ ಬೀಳುವ, ಏಳುವ ಸದ್ದು ಕೇಳಿಸುತ್ತಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. “ಹೂಂ ಕಣೇ, ಲೇಟಾಗೇ ಕೂಗಿದ್ರು” ಅಂದೆ. ಆ ಮನುಷ್ಯನ ಪರವಾಗಿ ಹೇಳಲು ಇದ್ದವಳು ನಾನೊಬ್ಬಳೇ.