ಅರಿಶಿನದ ದಾರ ಮತ್ತು ನನ್ನ ಎಡಗೈ

ಹನ್ನೊಂದು ತಿಂಗಳು ನನ್ನ ಎಡಗೈ ಭುಜದಿಂದ ಸುಮ್ಮನೆ ಜೋತಾಡುತ್ತಿತ್ತು. ಬನಶಂಕರಮ್ಮನನ್ನು ನಂಬಿದ ನಿಮ್ಮೆಲ್ಲರಿಗೂ ಆ ಕಥೆ ಹೇಳಬೇಕು. ನನ್ನ ತಪ್ಪನ್ನೂ ಮುಚ್ಚಿಡದೆ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆ. ನಾನು ಒಂದು ಬೈಕ್ ಕಂಪನಿಯ ರೇಸ್ ಟೀಮಿನಲ್ಲಿ ಸಂಬಳದ ರೈಡರ್. ಮನೆ ಜರಗನಹಳ್ಳಿಯಲ್ಲಿ, ರೇಸು ಮದ್ರಾಸಿನ ಹತ್ತಿರದ ಟ್ರ್ಯಾಕಿನಲ್ಲಿ. ಪ್ರತಿ ರೇಸಿಗೂ ಮುಂಚೆ ಹೆಂಡತಿ ಸುಮಾ ಅರಿಶಿನದ ದಾರವನ್ನು ಅಮ್ಮನ ಪಾದಕ್ಕಿಟ್ಟು ತಂದು ನನ್ನ ಕೈಗೆ ಕಟ್ಟುತ್ತಿದ್ದಳು. ಆ ಸಲ ಅವಳೂ ಟ್ರ್ಯಾಕಿಗೆ ಬಂದಿದ್ದಳು. ನಾನಾಗಲೇ ಗ್ಲೌಸ್ ಹಾಕಿಕೊಂಡು ಬೈಕ್ ಮೇಲೆ ಕೂತಿದ್ದೆ. ಓಡಿ ಬಂದವಳು ಬಲಗಡೆ ಹ್ಯಾಂಡಲ್‌ಗೆ, ಎಕ್ಸಲೇಟರ್ ಪಕ್ಕದಲ್ಲೇ, ದಾರ ಸುತ್ತಿ ಗಂಟು ಹಾಕಿದಳು.

ಅಲ್ಲಿ ಬೇಡ ಅನ್ನಬೇಕಿತ್ತು. ತಿರುಗುವ ಹಿಡಿಯ ಹತ್ತಿರ ಏನೂ ಕಟ್ಟಬಾರದು ಅಂತ ಬೇರೆ ರೈಡರ್‌ಗಳಿಗೆ ಬೈದು ಹೇಳುತ್ತಿದ್ದವನೇ ನಾನು. ಆದರೆ ರೇಸಿನವರಷ್ಟು ಶಕುನ ನೋಡುವವರು ಇನ್ನೊಬ್ಬರಿಲ್ಲ. ಕಟ್ಟಿದ ದಾರ ಬಿಚ್ಚಿ ಟ್ರ್ಯಾಕಿಗಿಳಿಯಲು ಧೈರ್ಯ ಬರಲಿಲ್ಲ.

ಮೂರನೇ ಸುತ್ತಿನಲ್ಲಿ ದಾರದ ತುದಿ ಹಿಡಿಯೊಳಗೆ ಸುತ್ತಿಕೊಂಡಿತು. ತಿರುವಿನಲ್ಲಿ ಎಕ್ಸಲೇಟರ್ ವಾಪಸ್ ಬರಲೇ ಇಲ್ಲ. ನಾನು ಎಡಭುಜದ ಮೇಲೆ ಹೋಗಿ ಬಿದ್ದೆ.

ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: "ಕತ್ತಿಂದ ಕೈಗೆ ಬರೋ ನರಗಳು ಎಳೆದುಹೋಗಿವೆ. ಒಂದು ವರ್ಷ ಕಾಯೋಣ. ಅಷ್ಟರಲ್ಲಿ ಸ್ಪರ್ಶ ಬರದಿದ್ರೆ ಆಸೆ ಬಿಟ್ಬಿಡಿ." ಅದು ಕ್ಲಚ್ ಹಿಡಿಯುವ ಕೈ. ಮೂರೇ ತಿಂಗಳಲ್ಲಿ ಟೀಮಿನವರು ನನ್ನ ಬೈಕನ್ನು ಬೇರೆಯವನಿಗೆ ಕೊಟ್ಟರು.

"ಅಮ್ಮನ ದಾರ ಇತ್ತಲ್ಲ, ಅದಕ್ಕೇ ಜೀವ ಉಳೀತು ಕಣ್ರೀ" ಅಂತ ಸುಮಾ ಎಲ್ಲರ ಮುಂದೆ ಹೇಳುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಮಂಗಳವಾರ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಲು ನನ್ನನ್ನೂ ಬಸ್ಸಿನಲ್ಲಿ ಬನಶಂಕರಿಗೆ ಕರೆದೊಯ್ಯುತ್ತಿದ್ದಳು. ಅವಳು ಒಳಗೆ, ನಾನು ಚಪ್ಪಲಿ ಬಿಡುವ ಜಾಗದಲ್ಲಿ. ಅಲ್ಲಿಂದಲೇ ನನ್ನ ಕೈ ವಾಪಸ್ ಕೊಡು ಅಂತ ಕೇಳುತ್ತಿದ್ದೆ.

ಒಂದು ಮಂಗಳವಾರ ಬಸ್ಸಿನಲ್ಲಿ ಸೀಟಿನ ತಗಡು ಎಡಗೈ ಬೆರಳನ್ನು ಸೀಳಿತು. "ಸಾರ್, ರಕ್ತ ಸುರೀತಿದೆ, ಗೊತ್ತಾಗ್ತಿಲ್ವಾ?" ಅಂದ ಕಂಡಕ್ಟರ್. ಗೊತ್ತಾಗಿರಲಿಲ್ಲ. ಬಸ್ಸಿಗೆ ಬಸ್ಸೇ ನನ್ನನ್ನು ನೋಡಿತು. ಸುಮಾ ಕರ್ಚೀಫ್ ಸುತ್ತುತ್ತಾ "ಅಮ್ಮ ನೋಡ್ಕೋತಾಳೆ ಬಿಡ್ರೀ" ಅಂದಳು.

ಮನೆಗೆ ಬಂದು ಬಾಯಿ ಬಿಟ್ಟೆ. "ನಾನು ಬಿದ್ದಿದ್ದೇ ನಿನ್ನ ದಾರದಿಂದ. ಎಕ್ಸಲೇಟರ್‌ಗೆ ಸಿಕ್ಕಾಕ್ಕೊಂಡಿದ್ದು ಅದೇ."

ಅವಳು ಅಳಲಿಲ್ಲ. "ಹಾಗಾದ್ರೆ ನಾನೇನಾ?" ಅಂತ ಕೇಳಿದಳು. ನನಗೆ ಮೊದಲೇ ಗೊತ್ತಿತ್ತು ಅನ್ನೋದನ್ನು ನುಂಗಿಕೊಂಡೆ. ನನ್ನ ಜೀವನದಲ್ಲಿ ಅದಕ್ಕಿಂತ ನೀಚ ಕೆಲಸ ಮಾಡಿಲ್ಲ.

ಅವತ್ತಿನಿಂದ ಅವಳ ಊಟ, ಮಾತು ಎರಡೂ ಕಡಿಮೆಯಾದವು. ಮುಂದಿನ ಮಂಗಳವಾರ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಅದರ ಮುಂದಿನ ಮಂಗಳವಾರ ತಾನಾಗಿಯೇ ಎದ್ದು, "ನಡೀರಿ, ತಪ್ಪಾಯ್ತು ಅಂತ ಕೇಳ್ಕೊಂಡು ಬರ್ತೀನಿ" ಅಂದಳು.

ನಿಂಬೆಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ ತುಪ್ಪ ಹಾಕಬೇಕು. ಸುಮಾ ಮಗುಚುವಾಗ ಒಂದು ಸಿಪ್ಪೆ ಹರಿಯಿತು. ಇನ್ನೊಂದೂ ಹರಿಯಿತು. ಹರಿದದ್ದು ದೀಪಕ್ಕಾಗುವುದಿಲ್ಲ. ದೂರದಿಂದ ನೋಡುತ್ತಿದ್ದ ನಾನು ಚಪ್ಪಲಿ ಕಳಚಿ ಒಳಗೆ ನಡೆದೆ. ಹೋಗಿ ಪಕ್ಕದಲ್ಲಿ ಕೂತು "ಕೊಡು ಇಲ್ಲಿ" ಅಂದೆ. ಸತ್ತ ಕೈಯನ್ನು ತೊಡೆ ಮೇಲಿಟ್ಟು, ಅಂಗೈಯಲ್ಲಿ ಹೋಳಿಟ್ಟು, ಬಲಗೈಯಿಂದ ಹಿಂಡಿದೆ.

"ಸುಮಾ, ಅಲ್ಲಿ ಕಟ್ಟಬಾರದು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ. ತಪ್ಪು ನಂದು ಕಣೇ." ಆಮೇಲೆ ಅಮ್ಮನ ಕಡೆ ತಿರುಗಿ, ಇವಳ ಎದೆಯ ಮೇಲಿನ ಭಾರ ಇಳಿಸು ತಾಯೇ ಅಂತ ಬೇಡಿಕೊಂಡೆ. ಅಷ್ಟು ತಿಂಗಳಲ್ಲಿ ಕೈ ಕೇಳದೆ ಬೇಡಿಕೊಂಡದ್ದು ಅದೇ ಮೊದಲು.

ಎಲ್ಲೋ ಉರಿಯಿತು. ಬಲಗೈ ನೋಡಿಕೊಂಡೆ, ಗಾಯವಿರಲಿಲ್ಲ. ಬಸ್ಸಿನಲ್ಲಿ ಸೀಳಿದ್ದ ಎಡಗೈ ಬೆರಳು ಇನ್ನೂ ಆರಿರಲಿಲ್ಲ, ರಸ ಅದಕ್ಕಿಳಿದಿತ್ತು.

"ಉರೀತಿದೆ ಕಣೇ!"

ಸುಮಾ ಉಳಿದ ಹೋಳನ್ನು ಕಿತ್ತುಕೊಂಡು, ಸೇಡು ತೀರಿಸುವವಳಂತೆ ಗಾಯದ ಮೇಲೆ ಹಿಂಡಿದಳು. "ಈಗ?"

"ಅಯ್ಯಮ್ಮಾ!" ಅಂತ ಕಿರುಚಿದೆ. ಇಬ್ಬರೂ ಅಲ್ಲೇ ಗೋಳೋ ಅಂತ ಅತ್ತೆವು.

ಅಮ್ಮ ಎಲ್ಲವನ್ನೂ ವಾಪಸ್ ಕೊಟ್ಟಳು ಅಂತ ಸುಳ್ಳು ಹೇಳಲಾರೆ. ಕೈ ಅರ್ಧ ಬಂತು. ಲೋಟ ಹಿಡಿಯುತ್ತೆ, ರೇಸ್ ಬೈಕಿನ ಕ್ಲಚ್ ಹಿಡಿಯಲ್ಲ. ರೇಸು ಅಲ್ಲಿಗೇ ಮುಗಿಯಿತು, ಆ ಸಂಕಟ ಈಗಲೂ ಇದೆ. ಆದರೆ ಅವತ್ತು ಯಾರಿಗಾಗಿ ಬೇಡಿದೆನೋ ಅವಳು ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ಅದಕ್ಕೇ ನನ್ನ ಮೊದಲ ನಮಸ್ಕಾರ.

ಕೆಲವು ವರ್ಷಗಳ ಮೇಲೆ ಕ್ಲಚ್ ಇಲ್ಲದ ಸ್ಕೂಟರ್ ತಂದೆ. ಸುಮಾ ಅರಿಶಿನದ ದಾರ ಹಿಡಿದು ಬಂದವಳು, ಎಲ್ಲಿ ಕಟ್ಟಬೇಕೋ ತಿಳಿಯದೆ ನಿಂತುಬಿಟ್ಟಳು. ಎಡಗಡೆ ಕನ್ನಡಿಯ ಕಡ್ಡಿ ತೋರಿಸಿದೆ. ಕಟ್ಟಿದಳು. ಉಳಿದ ತುದಿಯನ್ನು ನಾನು ಎಡಗೈಯ ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಂಡೆ, ಅವಳು ಗಂಟಿನ ಹತ್ತಿರಕ್ಕೇ ಕತ್ತರಿಸಿದಳು.