ಕರಿ ಗೋಡಿಗೆ ನಾನು ಕೊಟ್ಟ ಚೀಟಿ

ಕೆರೆಯ ಹೂಳನ್ನು ನಮ್ಮ ಕಡೆ ಗೋಡು ಎನ್ನುತ್ತಾರೆ. ಮತ್ತೋಡಿನ ಹತ್ತಿರದ ನಮ್ಮೂರಲ್ಲಿ ಬೇಸಿಗೆಗೆ ಕೆರೆ ಒಣಗಿತೆಂದರೆ ಗಾಡಿ ಕಟ್ಟಿ ಗೋಡು ಹೊಡೆದು ಹೊಲಕ್ಕೆ ಹಾಕುವುದು ರೂಢಿ. ಗೋಡು ಕಪ್ಪಾದಷ್ಟೂ ಸತ್ವ ಹೆಚ್ಚು ಎಂದು ಅಪ್ಪ ನಂಬಿದ್ದ. ಊರೂ ನಂಬಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಗ್ಯಾರೇಜುಗಳ ಸುಟ್ಟ ಎಣ್ಣೆ ತುಂಬಿಕೊಂಡು ಹೋಗುತ್ತಿದ್ದ ಟ್ಯಾಂಕರೊಂದು ಊರ ಹೊರಗಿನ ಮೋರಿಯ ಮೇಲೆ ಮಗುಚಿತು. ಕುರಿಗಳ ಕಜ್ಜಿಗೆ ಹಚ್ಚಲು, ಗಾಡಿಯ ಅಚ್ಚಿಗೆ ಬಿಡಲು ಜನ ಕೊಡಗಳಲ್ಲಿ ತುಂಬಿಕೊಂಡರು. ಮಿಕ್ಕಿದ್ದು ಹಳ್ಳಕ್ಕಿಳಿದು ಕೆರೆ ಸೇರಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರು ತಿಳಿಯಾಯಿತು, ಜೊಂಡು ಮತ್ತೆ ಚಿಗುರಿತು, ಊರು ಮರೆಯಿತು. ನಾನೂ ಮರೆತೆ. ನಾನು ಮರೆಯಬಾರದಿತ್ತು.

ಯಾಕೆಂದರೆ ಆಗ ನಾನು ಚಿತ್ರದುರ್ಗದಲ್ಲಿ ಗೊಬ್ಬರದ ವ್ಯಾಪಾರಿಯೊಬ್ಬರ ಸಣ್ಣ ಲ್ಯಾಬಿನಲ್ಲಿ ಮಣ್ಣು ಪರೀಕ್ಷೆ ಮಾಡುತ್ತಿದ್ದೆ. ಮೂರನೆಯ ಬೇಸಿಗೆಯಲ್ಲಿ ಅಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗೋಡು ಕಟ್ಟಿಕೊಂಡು ಬಸ್ಸು ಹತ್ತಿ ಬಂದ. ಹಳ್ಳ ಕೆರೆಗೆ ಸೇರುವ ಕಡೆಯೇ ಆರಿಸಿ ತೆಗೆದದ್ದು.

“ನೋಡ್ಲೇ, ಕಾಡಿಗೆ ಇದ್ದಂಗೈತೆ. ನಿಮ್ಮಕ್ಕನ ಹೊಲಕ್ಕೆ ಹೊಡಿಸ್ತೀನಿ. ನಿನ್ ಮಿಷಿನ್ ಏನಂತೈತೆ ಕೇಳು.”

ಮಣ್ಣಿನ ಸತ್ವ ಅಳೆಯುವ ಸಾವಯವ ಇಂಗಾಲ ವಿಪರೀತ ಹೆಚ್ಚು ಎಂದಿತು ಮಿಷಿನ್ನು. ನಾನು ನೋಡಿದ ಯಾವ ಹೊಲದ ಮಣ್ಣಿನಲ್ಲೂ ಅಷ್ಟಿರಲಿಲ್ಲ. ಅಷ್ಟು ಯಾಕಿದೆ ಎಂದು ಕೇಳಿಕೊಳ್ಳಬೇಕಾದ ಹೊತ್ತಿನಲ್ಲಿ ನಾನು ಹಿಗ್ಗಿಬಿಟ್ಟೆ. ‘ಅತ್ಯುತ್ತಮ’ ಎಂದು ಬರೆದು ಸೀಲು ಒತ್ತಿ ಕೊಟ್ಟೆ. ಅಪ್ಪ ಆ ಚೀಟಿಯನ್ನು ಕಟ್ಟೆಯ ಮೇಲೆ ಕೂತವರಿಗೆಲ್ಲ ತೋರಿಸಿದನಂತೆ.

ಅಕ್ಕನಿಗಿದ್ದದ್ದು ಬಾವಿ ಪಕ್ಕದ ಒಂದೇ ತುಂಡು ಹೊಲ. ಭಾವ ತೀರಿಕೊಂಡ ಮೇಲೆ ಅದರಲ್ಲಿ ದಂಟು, ಮೆಂತ್ಯ, ಪಾಲಕ್ ಬೆಳೆದು ಹೊಸದುರ್ಗದ ಸಂತೆಯಲ್ಲಿ ಮಾರುತ್ತಿದ್ದಳು. ಅವಳ ಮನೆ ನಡೆಯುತ್ತಿದ್ದದ್ದೇ ಅದರಿಂದ. ಗೋಡು ಹಾಕಿದ ಮೇಲೂ ಸೊಪ್ಪು ಚೆನ್ನಾಗಿಯೇ ಬಂತು. ಯಾರಿಗೂ ಅನುಮಾನ ಬರಲು ಕಾರಣವಿರಲಿಲ್ಲ.

ಮುಂದಿನ ವರ್ಷ ಕಾಲೇಜಿನ ಗೆಳೆಯನೊಬ್ಬ ಲ್ಯಾಬಿಗೆ ಬಂದ. ಕರಾವಳಿಯವನು. ಹಡಗಿನ ಎಣ್ಣೆ ಚೆಲ್ಲಿದ ಕಾಂಡ್ಲಾ ಕಾಡಿನ ಕೆಸರು ಪರೀಕ್ಷಿಸುವುದು ಅವನ ಕೆಲಸ. ಉಪ್ಪುನೀರಿನಲ್ಲಿ ಬೆಳೆಯುವ ಆ ಗಿಡಗಳ ಬುಡದಲ್ಲಿ, ಎಣ್ಣೆ ಕಣ್ಣಿಗೆ ಕಾಣದಂತಾದ ಮೇಲೂ ಅದರ ಜೊತೆ ಬಂದ ಸೀಸ, ನಿಕಲ್‌ನಂಥ ವಿಷದ ಲೋಹಗಳು ಹಾಗೇ ಕೂತಿರುತ್ತವೆ ಎಂದ. ನಮ್ಮ ಕೆರೆಗೂ ಎಣ್ಣೆ ಬಿದ್ದಿತ್ತು, ಆದರೂ ಗೋಡು ಎಂಥ ಫಸ್ಟ್ ಕ್ಲಾಸ್ ಗೊತ್ತಾ ಎಂದು ನಾನು ಜಂಬ ಕೊಚ್ಚಿದೆ. ಅವನು ಟೀ ಲೋಟ ಕೆಳಗಿಟ್ಟ.

“ಮಾರಾಯಾ, ಎಣ್ಣೆಯಲ್ಲಿ ಇರೋದೂ ಇಂಗಾಲವೇ ಅಲ್ವನಾ?”

ಡಿಗ್ರಿ ಓದಿದವನಿಗೆ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಕ್ಕನ ಹೊಲದ ಮಣ್ಣು, ಸೊಪ್ಪು ಎರಡನ್ನೂ ಅವನಿಗೆ ಕಳಿಸಿದೆ. ತಿಂಗಳ ಮೇಲೆ ಉತ್ತರ ಬಂತು. ಎರಡರಲ್ಲೂ ಸೀಸ ಇದೆ, ಆ ಸೊಪ್ಪು ತಿನ್ನುವಂಥದ್ದಲ್ಲ.

ಊರಿಗೆ ಹೋದೆ. ಅಕ್ಕ ಮಾರನೆಯ ದಿನದ ಸಂತೆಗೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ನನ್ನ ತಪ್ಪನ್ನೂ ಸೇರಿಸಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇನ್ನು ಮುಂದೆ ಹೊಟ್ಟೆಗೇನು ಎಂದೂ ಅವಳು ಕೇಳಲಿಲ್ಲ. ಕಟ್ಟಿದ್ದನ್ನೆಲ್ಲ ಗುಂಡಿಗೆ ಸುರಿದು, ಮಣ್ಣು ಎಳೆದು ಬಂದು ಕೂತಳು.

“ಸಂತೆಗೆ ಒಬ್ಳು ಬಸುರಿ ಹುಡುಗಿ ಬರ್ತಿದ್ಲು ಕಣೋ. ನಿಮ್ ಸೊಪ್ಪೇ ಬೇಕಕ್ಕಾ ಅಂತ ಕಾದು ತಗಂಡೋಗ್ತಿದ್ಲು. ಯಾವೂರು ಅಂತ ನಾನು ಕೇಳ್ಲೇ ಇಲ್ಲ.”

ಮಾರನೆಯ ದಿನ ಅಕ್ಕ ಬರಿಗೈಲಿ ಸಂತೆಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಸಂತೆ ಕರಗುವವರೆಗೂ ಕಾದೆವು. ಆ ಹುಡುಗಿ ಬರಲಿಲ್ಲ.